ಬಾಗಿದ ಬೆನ್ನಿನ ಆದಿಮಾನವ

1979ರಲ್ಲಿ ನಾನು ಸಂಚಾರಿ ವಿಜ್ಞಾನ ಪ್ರದರ್ಶನದ ವ್ಯಾನಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಹಳೆಯ ಬಸ್ಸನ್ನು ಮಾರ್ಪಡಿಸಿ ಮಾಡಿದ ವ್ಯಾನಿನಲ್ಲಿ ಮಾದರಿಗಳನ್ನು ತುಂಬಿಕೊಂಡು ಊರೂರಿನ ಶಾಲೆಗೆ ಹೋಗುವುದು, ಇಳಿಸಿ ಜೋಡಿಸುವುದು, ಗಂಟಲು ಹರಿಯುವಂತೆ ವಿವರಿಸುವುದು, ಮತ್ತೆ ತುಂಬಿಕೊಂಡು ಮುಂದಿನ ಊರಿಗೆ ಹೊರಡುವುದು. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಮ್ಮ ವ್ಯಾನಿಗೆ ಆ ಗಡಿಗಳೇನೂ ಇರಲಿಲ್ಲ, ಡೀಸೆಲ್ ಇದ್ದಷ್ಟು ದೂರ ನಮ್ಮ ಸೀಮೆ.

ಬಡಿಯುವ ಹೃದಯ, ತಿರುಗುವ ಗ್ರಹಗಳು, ಗಾಜಿನ ಜಾಡಿಯ ಹಾವು, ಇವೆಲ್ಲ ನಮ್ಮಲ್ಲಿದ್ದವು. ಆದರೆ ಜನ ಮುಗಿಬೀಳುತ್ತಿದ್ದುದು ಆದಿಮಾನವನನ್ನು ನೋಡಲು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ ಆಳೆತ್ತರದ ಪ್ರತಿಮೆ. ನಿಯಾಂಡರ್ಥಲ್ ಎಂದು ವಿಜ್ಞಾನಿಗಳು ಕರೆಯುವ, ಹತ್ತಾರು ಸಾವಿರ ವರ್ಷಗಳ ಹಿಂದೆ ಯುರೋಪಿನ ಗುಹೆಗಳಲ್ಲಿದ್ದ ಮನುಷ್ಯ. ಬೆನ್ನು ಬಾಗಿದೆ, ಮೊಣಕಾಲು ಮಡಿದಿದೆ, ಕತ್ತು ಮುಂದಕ್ಕೆ ಚಾಚಿದೆ, ಬಾಯಿ ಅರೆ ತೆರೆದಿದೆ. ಶಿಲ್ಪಿ ಮಹಾಶಯರು ಅವನಿಗೆ ಗಾಜಿನ ಕಣ್ಣು ಬೇರೆ ಕೂರಿಸಿದ್ದರು. ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಅವನು ನಿಮ್ಮನ್ನೇ ನೋಡುತ್ತಿದ್ದ.

ಅವನು ಪ್ರಯಾಣ ಮಾಡುತ್ತಿದ್ದುದು ಉದ್ದನೆಯ ಮರದ ಪೆಟ್ಟಿಗೆಯಲ್ಲಿ, ಬಿಳಿ ಬಟ್ಟೆ ಹೊದ್ದು, ಅಂಗಾತ ಮಲಗಿ. ಎತ್ತಲು ನಾಲ್ಕು ಜನ ಬೇಕು. ನಾಲ್ಕು ಜನ ಹೆಗಲು ಕೊಟ್ಟು ಬರುತ್ತಿದ್ದರೆ ರಸ್ತೆಯಲ್ಲಿದ್ದವರು ತಮಗರಿಯದೆ ಪಕ್ಕಕ್ಕೆ ಸರಿದು ಚಪ್ಪಲಿ ಬಿಡುತ್ತಿದ್ದರು. ನ್ಯಾಮತಿಯಲ್ಲಿ ಶಾಲೆಯ ಕಾವಲುಗಾರ ಅವನಿದ್ದ ಕೋಣೆಯ ಜಗಲಿಯಲ್ಲಿ ಮಲಗಲು ಒಪ್ಪಲಿಲ್ಲ. ಉಬ್ರಾಣಿಯಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಕಣ್ಣಿಟ್ಟ ಮೇಲೆ ಅದಕ್ಕೆ ಎಡೆ ಇಡಬೇಕ್ರೀ. ಕಣ್ಣು ಕೊಟ್ಟು ಅನ್ನ ಕೊಡದಿದ್ರೆ ಹೆಂಗೆ? ಹಸಿದು ನೋಡ್ತೈತೆ ಅದು" ಎಂದರು. ನಾನು ನಕ್ಕೆ. ಆದರೆ ಜಗಳೂರಿನ ಕಡೆಯ ಹಾಳು ರಸ್ತೆಯಲ್ಲಿ ಪೆಟ್ಟಿಗೆಯ ಒಳಗಿನಿಂದ ಟಕ್ ಟಕ್ ಎಂದು ತಟ್ಟುವ ಸದ್ದು ಶುರುವಾದಾಗ ನಮ್ಮ ಡ್ರೈವರ್ ಬಾಷಾ ಸಾಹೇಬರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಪ್ರತಿಮೆಯ ಬಲಗೈ ಸಡಿಲವಾಗಿ ಹಲಗೆಗೆ ಬಡಿಯುತ್ತಿತ್ತು, ಅಷ್ಟೇ. ಅಷ್ಟೇ ಎಂದು ಗೊತ್ತಿದ್ದರೂ ಮುಂದಿನ ಊರಿನವರೆಗೆ ಅವರು ಎಲ್ಲೂ ವ್ಯಾನು ನಿಲ್ಲಿಸಲಿಲ್ಲ.

ಬಿಳಿಚೋಡಿನಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿ. ಊರಿನ ಹೆಸರು ಬೇಡ, ಅಲ್ಲಿಯವರು ಒಳ್ಳೆಯ ಜನ. ಶಾಲೆಯ ಹೆಡ್‌ಮಾಸ್ಟರ್ ರುದ್ರಪ್ಪನವರು ಊರನ್ನೆಲ್ಲ ಕರೆಸಿದ್ದರು. ಪೆಟ್ಟಿಗೆ ಬಿಚ್ಚಿ, ಪ್ರತಿಮೆ ನಿಲ್ಲಿಸಿ, ನಾನು ಬಿಳಿ ಬಟ್ಟೆ ಎಳೆದೆ. ಗದ್ದಲ ನಿಂತುಹೋಯಿತು. ನನಗೆ ಬೇಕಾಗಿದ್ದ ಬೆರಗಿನ ಮೌನ ಅದಾಗಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದು, "ಯವ್ವಾ, ಭರಮಜ್ಜ!" ಎಂದಳು. ಜನ ಹಿಂದೆ ಸರಿದರು. ಬೆನ್ನು ತಿರುಗಿಸಿ ಯಾರೂ ಹೋಗಲಿಲ್ಲ, ಅವನ ಮುಖ ನೋಡುತ್ತಲೇ ಒಬ್ಬೊಬ್ಬರಾಗಿ ಹಿಮ್ಮುಖವಾಗಿ ಹೆಜ್ಜೆಯಿಟ್ಟು ಬಾಗಿಲು ದಾಟಿದರು.

ರುದ್ರಪ್ಪ ಮೇಷ್ಟ್ರು ಆಮೇಲೆ ವಿಷಯ ಹೇಳಿದರು. ಭರಮಜ್ಜ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡ ಮುದುಕ. ಸೊಂಟ ಬಾಗಿ ನೆಲ ಬಿಟ್ಟು ಬೇರೇನೂ ಕಾಣದಂತಾಗಿದ್ದ. ಬಾಯಲ್ಲಿ ಹಲ್ಲಿರಲಿಲ್ಲ. ಮಗ ಮೊದಲೇ ಸತ್ತಿದ್ದ, ಮನೆಯಲ್ಲಿದ್ದವಳು ಸೊಸೆ ಕೆಂಚವ್ವ, ಮತ್ತು ಅವಳ ಸಣ್ಣ ಮಗಳು. ಮುದುಕ ಸತ್ತಾಗ ಮೈಯಲ್ಲಿ ಎಲುಬು ಬಿಟ್ಟು ಏನೂ ಇರಲಿಲ್ಲವಾದ್ದರಿಂದ ಸೊಸೆ ಅನ್ನ ಹಾಕದೆ ಕೊಂದಳೆಂಬ ಪಿಸುಮಾತು ಊರಲ್ಲಿತ್ತು. ಈಗ ಆ ಪಿಸುಮಾತಿಗೆ ಆಳೆತ್ತರದ ಸಾಕ್ಷಿಯನ್ನು ನಾನೇ ತಂದು ನಿಲ್ಲಿಸಿದ್ದೆ. ಹಸಿದು ಸತ್ತವನು ಅನ್ನ ಕೇಳಲು ಬಂದಿದ್ದಾನೆ ಎಂದು ಊರೇ ಹೇಳತೊಡಗಿತು.

ಮಾರನೆಯ ಬೆಳಗ್ಗೆ ಕೋಣೆಯ ಬಾಗಿಲು ತೆಗೆದೆ. ಆದಿಮಾನವನ ಹೆಗಲ ಮೇಲೆ ಕಂಬಳಿ ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿತ್ತು. ಕಾಲ ಬಳಿ ತಟ್ಟೆಯಲ್ಲಿ ಸಾರಿನಲ್ಲಿ ಕಿವುಚಿದ ರಾಗಿ ಮುದ್ದೆ. ತುಟಿಗೂ ಗಲ್ಲಕ್ಕೂ ಅದೇ ಮುದ್ದೆ ಮೆತ್ತಿತ್ತು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ನನ್ನ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಸ್ವಲ್ಪ ಹೊತ್ತಿಗೆ ರುದ್ರಪ್ಪನವರು ಬಂದು, ತಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ತಾವೇ ತೆಗೆದುಕೊಟ್ಟದ್ದಾಗಿ ತಿಳಿಸಿದರು. "ಕೆಂಚವ್ವ ಬಂದು ಕಾಲಿಗೆ ಬಿದ್ಲು ಸಾರ್. ಇಲ್ಲ ಅನ್ನಾಕೆ ಆಗ್ಲಿಲ್ಲ."

ಆವತ್ತು ನಾನು ಊರಿನವರನ್ನು ಮತ್ತೆ ಕೂರಿಸಿ ಜೋರಾಗಿ ಭಾಷಣ ಬಿಗಿದೆ. ಇದು ನಿಮ್ಮ ಅಜ್ಜನಲ್ಲ, ಗುಹೆಯಲ್ಲಿ ಸಿಕ್ಕ ಎಲುಬುಗಳನ್ನು ಅಳೆದು ಮಾಡಿದ ರೂಪ, ಆ ಕಾಲದ ಮನುಷ್ಯರೆಲ್ಲ ಹೀಗೆ ಬಾಗಿಯೇ ನಡೆಯುತ್ತಿದ್ದರು, ವಿಜ್ಞಾನ ಹೇಳಿದ ಮೇಲೆ ಮುಗಿಯಿತು ಎಂದೆ. ಊರಿನ ಹಿರಿಯ ತಿಪ್ಪಣ್ಣನವರು ಬಹಳ ಹೊತ್ತು ಯೋಚಿಸಿ, "ಆಗ್ಲಿ ಸಾರ್. ಅವರೆಲ್ಲ ಹಿಂಗೇ ಇದ್ರು ಅಂತೀರಿ. ಓದಿದೋರು ನೀವು, ನಂಬ್ತೀವಿ" ಎಂದರು. ಹಾಗಾಗಿ ಕೆಂಚವ್ವ ಊರಿನ ಬಾಯಿಂದ ಉಳಿದಳು. ವ್ಯಾನು ಹೊರಟಾಗ ದೂರದಲ್ಲಿ ನಿಂತು ಕೈ ಮುಗಿದಳು. ಮುಗಿದದ್ದು ನನಗೋ ಪೆಟ್ಟಿಗೆಗೋ ತಿಳಿಯಲಿಲ್ಲ.

1983ರಲ್ಲಿ ಕಚೇರಿಗೆ ಹೊಸ ಆದಿಮಾನವ ಬಂದ. ನೆಟ್ಟಗೆ, ನಮ್ಮ ನಿಮ್ಮ ಹಾಗೆ ನಿಂತವನು. ಬೆನ್ನು ಬಾಗಿದ್ದ ಹಳಬ ಗೋದಾಮು ಸೇರಿದ. ಮೇಲಧಿಕಾರಿಯನ್ನು ಕಾರಣ ಕೇಳಿದೆ. "ಹಳೇದು ತಪ್ಪಂತೆ ಕಣ್ರೀ. ಕೇಳಿದ್ರೆ ಹೊಸ ಮಾಡೆಲ್ ಅನ್ನಿ, ಸಾಕು. ಜನಕ್ಕೆ ಏನು ನೆನಪಿರುತ್ತೆ?" ಎಂದರು. ನನಗೆ ಸಮಾಧಾನವಾಗದೆ ಪುಸ್ತಕಗಳನ್ನು ಹುಡುಕಿ ಓದಿದೆ. ಹಳೆಯ ರೂಪವನ್ನು ಕಲ್ಪಿಸಿದ್ದು ಫ್ರಾನ್ಸಿನ ಗುಹೆಯೊಂದರಲ್ಲಿ ಸಿಕ್ಕ ಒಬ್ಬನೇ ಒಬ್ಬನ ಅಸ್ಥಿಪಂಜರ ನೋಡಿ. ಎಷ್ಟೋ ವರ್ಷಗಳ ನಂತರ ಬೇರೆಯವರು ಅದೇ ಎಲುಬುಗಳನ್ನು ಮತ್ತೆ ಪರೀಕ್ಷಿಸಿದಾಗ, ಅವನಿಗೆ ವಿಪರೀತ ಸಂಧಿವಾತವಿತ್ತೆಂದು, ಬೆನ್ನುಮೂಳೆ ಸವೆದಿತ್ತೆಂದು ತಿಳಿಯಿತು. ಒಬ್ಬ ಕಾಯಿಲೆ ಮನುಷ್ಯನನ್ನು ನೋಡಿ ಇಡೀ ಕುಲವೇ ಗೂನು ಎಂದಿದ್ದರು. ಆ ಸುದ್ದಿ ಎಂದೋ ಪ್ರಕಟವಾಗಿತ್ತು, ನಮ್ಮ ಕಚೇರಿ ತಲುಪುವ ಹೊತ್ತಿಗೆ ನನ್ನ ತಲೆ ನೆರೆತಿತ್ತು.

ಅದೇ ಹಳ್ಳಿಗೆ ಹೊಸಬನೊಂದಿಗೆ ಹೋದೆವು. ಬಟ್ಟೆ ಎಳೆದೆ. ಈ ಸಲ ಯಾರೂ ಹೆದರಲಿಲ್ಲ, ಮಕ್ಕಳು ನಕ್ಕರು. ನನಗೂ ಹಾಯೆನಿಸಿತು. ಆದಿಮಾನವ ನಮ್ಮಂತೆಯೇ ನೇರವಾಗಿ ನಡೆಯುತ್ತಿದ್ದ ಎಂದು ವಿವರಿಸಿದೆ. ತಿಪ್ಪಣ್ಣನವರು ಕೋಲೂರಿ ಎದ್ದು ನಿಂತು, ಹೊಸಬನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೆಲ್ಲಗೆ ಕೇಳಿದರು.

"ಇವ್ನು ನೆಟ್ಟಗಿದ್ದ ಅಂದ್ಮೇಲೆ, ಅವತ್ತು ಬಂದೋನು ಯಾರು ಸಾರ್?"

ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲು ಕುದಿಯುತ್ತಿತ್ತು. ಹೊಸ ಮಾಡೆಲ್ ಎಂದು ತೊದಲಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಮುಖವೂ ಒಂದೇ ಕಡೆ ತಿರುಗಿತ್ತು. ಗೋಡೆಗೊರಗಿ ಕೂತಿದ್ದ ಕೆಂಚವ್ವ ಮಗಳ ಕೈ ಹಿಡಿದುಕೊಂಡು ಎದ್ದು ಹೊರಟುಹೋದಳು. ಆದಿಮಾನವರು ಬಾಗಿರಲಿಲ್ಲ ಎಂದರೆ, ಬಾಗಿ ಬಂದು ಕಣ್ಣು ಬಿಟ್ಟು ನಿಂತಿದ್ದವನು ಭರಮಜ್ಜನೇ. ಸರ್ಕಾರದ ವ್ಯಾನಿನಲ್ಲಿ ಬಂದ, ಸೊಸೆಯ ಕೈ ಮುದ್ದೆ ಉಂಡ, ಹೋದ. ಅವರ ತರ್ಕದಲ್ಲಿ ಬಿರುಕು ಹುಡುಕಿದೆ, ಸಿಗಲಿಲ್ಲ.

ಸಂಜೆ ರುದ್ರಪ್ಪನವರು ಮುಖ ಇಳಿಬಿಟ್ಟುಕೊಂಡು ಬಂದರು. ಬಾವಿಕಟ್ಟೆಯಲ್ಲಿ ಕೆಂಚವ್ವನಿಗೆ ನೀರು ಸೇದಗೊಡದೆ ಅವಳ ಕೊಡವನ್ನು ಕೆಳಗಿಳಿಸಿದ್ದರಂತೆ. "ಊರು ಬಿಡು ಅಂದಾರೆ ಸಾರ್ ಅವಳಿಗೆ. ಮಗಳನ್ನ ಕಟ್ಕೊಂಡು ಎಲ್ಲಿ ಹೋಗ್ತಾಳೆ? ಏನಾರ ಮಾಡ್ರಿ." ನಾನು ಬಾಷಾ ಸಾಹೇಬರನ್ನು ನೋಡಿದೆ. ಅವರು ಏನೂ ಕೇಳದೆ ವ್ಯಾನ್ ಸ್ಟಾರ್ಟ್ ಮಾಡಿದರು. ಊರಿನವರಿಗೆ ಎರಡು ದಿನ ತಡೆಯಿರಿ, ಅವತ್ತು ಬಂದವನನ್ನು ಕರೆತಂದು ತೋರಿಸುತ್ತೇನೆ ಎಂದು ಹೇಳಿ ಹೊರಟೆ. ಆಡಬಾರದ ಮಾತು ಅದು, ಕೇಳಿದವರ ಮುಖ ಬಿಳಿಚಿಕೊಂಡಿತು.

ಅಪ್ಪಣೆ ಪಡೆಯದೆ ಗೋದಾಮಿನಿಂದ ಹಳಬನನ್ನು ಎತ್ತಿಸಿಕೊಂಡು ಬಂದೆ. ಶಾಲೆಯ ಕೋಣೆ ತುಂಬಿತ್ತು, ಕಿಟಕಿಗಳಲ್ಲೂ ತಲೆಗಳು. ಕೆಂಚವ್ವನನ್ನು ಮೇಷ್ಟ್ರು ತಮ್ಮ ಮನೆಯವರ ಪಕ್ಕದಲ್ಲಿ ಕೂರಿಸಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ನಾನೇ ಒಂದು ಹೆಜ್ಜೆ ಹಿಂದಿಟ್ಟೆ. ಒಂದು ಗಾಜಿನ ಕಣ್ಣು ಉದುರಿ ಅಲ್ಲಿ ಕಪ್ಪು ಕುಳಿ ಇತ್ತು. ತುಟಿಯ ಸಂದಿಯಲ್ಲಿ ನಾಲ್ಕು ವರ್ಷದ ಹಿಂದಿನ ಮುದ್ದೆ ಒಣಗಿ ಕಲ್ಲಾಗಿ ಹಾಗೇ ಅಂಟಿತ್ತು. ಇಲಿಗಳು ಗೋಣಿಚೀಲ ತಿಂದಿದ್ದ ಗೋದಾಮಿನಲ್ಲಿ ಅದನ್ನೇಕೆ ಮುಟ್ಟಲಿಲ್ಲವೋ ನನಗಿನ್ನೂ ಗೊತ್ತಿಲ್ಲ.

ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವತ್ತು ನಾನು ನಿಮಗೆ ಹೇಳಿದ್ದು ತಪ್ಪು. ನನಗೆ ಹೇಳಿಕೊಟ್ಟವರೂ ತಪ್ಪಿದ್ದರು. ಈ ಬೆನ್ನು ಇಡೀ ಕುಲದ್ದಲ್ಲ, ಸಂಧಿವಾತದಿಂದ ನರಳಿದ ಒಬ್ಬ ಮುದುಕನದು. ಎಲುಬು ಇನ್ನೂ ಇದ್ದುದರಿಂದ ಮತ್ತೊಬ್ಬರು ಹೋಗಿ ನೋಡಿದರು, ತಪ್ಪು ಸಿಕ್ಕಿತು. ಅವನ ದವಡೆಯಲ್ಲಿ ಹೆಚ್ಚಿನ ಹಲ್ಲು ಇರಲಿಲ್ಲ. ಹಲ್ಲು ಬಿದ್ದ ಗುಳಿಗಳಲ್ಲಿ ಎಲುಬು ಬೆಳೆದು ಮುಚ್ಚಿಕೊಂಡಿತ್ತು. ಅಂದರೆ ಹಲ್ಲು ಹೋದ ಮೇಲೂ ಅವನು ಬಹಳ ಕಾಲ ಬದುಕಿದ್ದ. ಬೇಟೆಯಾಡಲಾರದ, ಅಗಿಯಲಾರದ ಮುದುಕ ಬದುಕಿದ್ದನೆಂದರೆ ಯಾರೋ ಮೆತ್ತಗೆ ಮಾಡಿ ತಿನ್ನಿಸಿರಬೇಕು ಎನ್ನುತ್ತಾರೆ.

ಒಂಟಿ ಕಣ್ಣಿನವನು ಎಲ್ಲರನ್ನೂ ನೋಡುತ್ತಿದ್ದ. ತಿಪ್ಪಣ್ಣನವರು ಅವನ ತುಟಿಯ ಮುದ್ದೆಯನ್ನೇ ದಿಟ್ಟಿಸುತ್ತಿದ್ದವರು ಜನರ ಕಡೆ ತಿರುಗಿದರು.

"ಭರಮಂಗೆ ಹಲ್ಲು ಹೋಗಿ ಎಷ್ಟು ವರ್ಷ ಆಗಿತ್ತು?"

"ಅವರ ಮಗನ ಮದುವೇಲೇ ಇರ್ಲಿಲ್ಲ" ಎಂದಿತು ಹೆಂಗಸರ ಕಡೆಯಿಂದ ಒಂದು ದನಿ.

"ಮತ್ತೆ ಅಲ್ಲಿಂದ ಸಾಯೋಗಂಟ ಹೆಂಗೆ ಬದುಕಿದ್ದ? ಗಾಳಿ ಕುಡುದಾ?"

ಆಗ ಕೆಂಚವ್ವ ಬಾಯಿ ಬಿಟ್ಟಳು. "ಕೊನೆಗೆ ಅವ್ನೇ ಬ್ಯಾಡ ಅಂದ್ನಪ್ಪಾ. ತುಟಿಗೆ ಹಚ್ಚಿದ್ರೂ ನುಂಗಲಿಲ್ಲ. ನಾನೇನ್ ಮಾಡ್ಲಿ?" ಅವಳು ಅತ್ತಳು. ಅವಳ ಕೊಡವನ್ನು ಕೆಳಗಿಳಿಸಿದ್ದ ಹೆಂಗಸೇ ಅವಳನ್ನು ಹಿಡಿದುಕೊಂಡಳು. ನನ್ನ ವೃತ್ತಿಯಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ. ಮೇಲಧಿಕಾರಿಯಿಂದ ಮೆಮೊ ಬಂತು, ಅದು ಬಿಡಿ.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಸುಖವಿತ್ತು. 1987ರ ಹೊತ್ತಿಗೆ ಇನ್ನೊಂದು ಲೇಖನ ಕಣ್ಣಿಗೆ ಬಿತ್ತು. ಆ ಫ್ರಾನ್ಸಿನ ಮುದುಕನಿಗೆ ಯಾರೂ ತಿನ್ನಿಸಿರಬೇಕಾಗಿರಲಿಲ್ಲ, ಅವನ ಬಾಯಲ್ಲಿ ಉಳಿದಿದ್ದ ಕೆಲವು ಹಲ್ಲುಗಳಲ್ಲೇ ಹೇಗೋ ತಿಂದಿರಬಹುದು ಎಂದು ಕೆಲವರು ವಾದಿಸಿದ್ದರು. ಓದಿ ಪುಸ್ತಕ ಮುಚ್ಚಿಟ್ಟೆ. ಆ ವರ್ಷದ ಸುತ್ತಿನಲ್ಲಿ ಆ ಹಳ್ಳಿಯೂ ಇತ್ತು. ದಾರಿಯುದ್ದಕ್ಕೂ ನನ್ನೊಳಗೆ ಜಗಳ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಕೆಂಚವ್ವನ ಕಾಲ ಕೆಳಗಿನ ನೆಲವನ್ನು ನಾನೇ ಎಳೆದಂತೆ. ಆದರೆ ಮೆಚ್ಚುವ ಸತ್ಯವನ್ನಷ್ಟೇ ಹೊತ್ತು ತಿರುಗುವುದಾದರೆ, ಜನಕ್ಕೆ ಏನು ನೆನಪಿರುತ್ತೆ ಎಂದ ಅಧಿಕಾರಿಗೂ ನನಗೂ ಏನು ವ್ಯತ್ಯಾಸ?

ಹೇಳಿದೆ. ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ ಹೇಳಿದೆ. ಯಾರೋ ತಿನ್ನಿಸಿದರೆಂದು ಅವತ್ತು ಹೇಳಿದ್ದು ಖಾತ್ರಿಯಲ್ಲ, ಈಗ ಅದರ ಬಗ್ಗೆಯೂ ಅನುಮಾನವಿದೆ ಎಂದೆ. ಮತ್ತೆ ಎಲ್ಲ ಮುಖಗಳೂ ಕೆಂಚವ್ವನ ಕಡೆ ತಿರುಗಿದವು. ಆ ಕ್ಷಣ ಕೋಣೆಯಲ್ಲಿ ಇನ್ನೊಬ್ಬ ಯಾರೋ ಬಾಗಿಕೊಂಡು ನಿಂತು ಕೇಳುತ್ತಿದ್ದಾನೆ ಎನ್ನಿಸಿ ನಾನು ಹಿಂದೆ ನೋಡಲಿಲ್ಲ.

ಕೆಂಚವ್ವ ಈ ಸಲ ಅಳಲಿಲ್ಲ.

"ಅದು ಅವರ ಮುದುಕನ ಮಾತಾಯ್ತು ಸಾರ್. ಅವಂಗೆ ಯಾರು ತಿನ್ನಿಸಿದ್ರೋ ಬಿಟ್ರೋ, ನೀವು ಹುಡುಕ್ರಿ. ನನ್ನ ಮಾವಂಗೆ ತಿನ್ನಿಸಿದ್ದು ಈ ಕೈ."

ತಿಪ್ಪಣ್ಣನವರು ತಲೆದೂಗಿದರು. "ಕುಂದ್ರವ್ವಾ. ನಿನ್ನ ಮಾತು ಯಾರೂ ಎತ್ತಲ್ಲ." ನಂತರ ನನ್ನ ಕಡೆ ನೋಡಿ, "ನಾಕು ಸಲ ಬಂದ್ರಿ, ನಾಕು ಥರ ಹೇಳಿದ್ರಿ" ಎಂದರು. ನಾನು ತಲೆ ತಗ್ಗಿಸಿದೆ. "ಬ್ಯಾರೆ ಯಾರೂ ಹಿಂಗೆ ವಾಪಸ್ ಬಂದು ತಪ್ಪಾಯ್ತು ಅಂತ ಹೇಳಿಲ್ಲ ಬಿಡ್ರಿ ನಮಗೆ. ಓಟು ಇಸ್ಕಂಡೋರೂ ಹೇಳಿಲ್ಲ, ಹರಕೆ ಇಸ್ಕಂಡ ದ್ಯಾವ್ರೂ ಹೇಳಿಲ್ಲ. ಮುಂದಿನ ಸಲ ಏನ್ ಬದಲಾದ್ರೂ ಬರ್ರಿ."

ವಿಜ್ಞಾನವನ್ನು ನಂಬಿ ಎಂದು ಅದಾದ ಮೇಲೆ ನಾನು ಯಾವ ಊರಿನಲ್ಲೂ ಹೇಳಲಿಲ್ಲ. ಇವತ್ತಿಗೆ ಗೊತ್ತಿರುವುದು ಇಷ್ಟು, ಬದಲಾದರೆ ಬಂದು ಹೇಳುತ್ತೇನೆ ಎನ್ನುತ್ತಿದ್ದೆ. ಜನ ನಂಬುವುದಾದರೆ ಹಾಗೆ ತಿರುಗಿ ಬರುವುದನ್ನು ನಂಬುತ್ತಾರೆ ಎಂದು ನನ್ನ ಕೆಲಸ ನನಗೆ ಕಲಿಸಿತು. ಆ ನಿಯಾಂಡರ್ಥಲ್‌ಗಳಿಗೂ ನಮಗೂ ಸಂಬಂಧವೇ ಇಲ್ಲ ಎಂದು ಕೊನೆಯ ಸುತ್ತಿನಲ್ಲಿ ಆ ಹಳ್ಳಿಯಲ್ಲೂ ವಿವರಿಸಿ ಬಂದಿದ್ದೆ. ಅವರ ಅಂಶ ಇಂದಿಗೂ ನಮ್ಮ ರಕ್ತದಲ್ಲಿ ಒಂದಿಷ್ಟು ಉಳಿದಿದೆ ಎಂದು ಈಗ ಓದುತ್ತೇನೆ. ನಿವೃತ್ತನಾಗಿ ವರ್ಷಗಳಾದವು, ಮಂಡಿ ನೋವು, ಬೆನ್ನೂ ಬಾಗುತ್ತಿದೆ. ಆದರೂ ಜಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನಿನ್ನೆ ವಿಚಾರಿಸಿಕೊಂಡು ಬಂದಿದ್ದೇನೆ.