ಹೆಸರುಗಳು ನುಂಗಿದ ಹಾಡು

ಹಾಡು ಶುರುವಾಗುವ ಮುನ್ನ ಬರುವ ಬರಿಯ ವಾದ್ಯದ ಭಾಗವನ್ನು ಈಗ ಯಾರೂ ಕೇಳುವುದಿಲ್ಲ. ಫೋನಿನ ಮೇಲೆ ಬೆರಳಾಡಿಸಿ ನೇರವಾಗಿ ಪಲ್ಲವಿಗೆ ಹಾರುತ್ತಾರೆ. ನನಗೆ ಮಾತ್ರ ಅದು ಸಾಧ್ಯವಾಗಿಲ್ಲ. ನಾನು ಡ್ರಮ್ ಬಾರಿಸಿದ ಏಕೈಕ ಹಾಡಿನಲ್ಲಿ ರೇಡಿಯೋದಲ್ಲಿ ಬಂದದ್ದು ಆ ಭಾಗವಷ್ಟೇ.

ಶಹಾಪುರದ ಕಡೆ ಕಾಲುವೆಗೆ ನೀರು ಬಂದ ಹೊಸತು. ವನದುರ್ಗದ ನನ್ನ ಗೆಳೆಯ ಮಲ್ಲಣ್ಣ ಹೈದರಾಬಾದಿನಿಂದ ಹಳೆಯ ಗಿಟಾರೊಂದನ್ನು ತಂದು, ಗದ್ದೆಗೆ ನೀರು ಬಿಡುವ ಪಾಳಿ ಕಾಯುವವನ ಮೇಲೆ ಒಂದು ರಾಕ್ ಹಾಡು ಕಟ್ಟಿದ. ನನ್ನ ವಾದನಪಾಂಡಿತ್ಯದ ವಿವರ ಬೇಡ. ಮದುವೆ ಬ್ಯಾಂಡಿನವರು ಡ್ರಮ್ಮನ್ನು ಬಾಡಿಗೆಗೆ ಕೊಟ್ಟರೇ ಹೊರತು ಕಲೆಯನ್ನಲ್ಲ. ಯಾದಗಿರಿ ಸ್ಟೇಷನ್ನಿನ ಹಿಂದಿನ ಕೋಣೆಯೊಂದರಲ್ಲಿ, ಒಂದು ರೈಲು ಹೋಗಿ ಇನ್ನೊಂದು ಬರುವುದರೊಳಗೆ, ಅದನ್ನು ಕ್ಯಾಸೆಟ್ಟಿಗೆ ಇಳಿಸಿ ರೇಡಿಯೋ ಕೇಂದ್ರಕ್ಕೆ ಕೊಟ್ಟೆವು.

ಮಲ್ಲಣ್ಣನ ತಂದೆ, ಕುರಿ ಸಾಕುವ ಹಣಮಪ್ಪ ಕಾಕಾ, ಆ ಹಾಡನ್ನು ಒಮ್ಮೆಯೂ ಕೇಳಿರಲಿಲ್ಲ. ಮಗ ಗಿಟಾರು ಮುಟ್ಟಿದರೆ ಕುರಿ ಹೊಡೆದುಕೊಂಡು ಹೊರಟುಬಿಡುತ್ತಿದ್ದರು. ಆದರೆ ರೇಡಿಯೋದ ಮೇಲೆ ಅಪಾರ ಗೌರವ. "ರೇಡಿಯೋದವರು ಹಾಡು ಅಂದ್ರ ಹಾಡು. ಇಲ್ಲಾಂದ್ರ ಆ ತಂತಿ ಕಟಗಿ ಮಾರಿ ಎರಡು ಕುರಿ ತಗೊಂಡ ಬಾ" ಎಂದು ಫೈಸಲಾ ಕೊಟ್ಟಿದ್ದರು.

ಕೇಳುಗರು ಕಾರ್ಡು ಬರೆದು ಕೋರಿದ ಹಾಡು ಹಾಕುವ ಕಾರ್ಯಕ್ರಮವೊಂದಿತ್ತು. ಹಾಡಿಗೆ ಮೊದಲು ಕಾರ್ಡಿನಲ್ಲಿದ್ದ ಹೆಸರುಗಳನ್ನೆಲ್ಲ ಓದುತ್ತಿದ್ದರು. ನಮ್ಮ ಹಾಡು ಕೋರಿ ಕಾರ್ಡು ಬರೆಯಲು ಊರೇ ನಮ್ಮ ಬೆನ್ನಿಗೆ ನಿಂತಿತು. ಆದರೆ ನಮ್ಮ ಕಡೆ ಒಬ್ಬರ ಹೆಸರು ಬರೆದು ಪಕ್ಕದ ಮನೆಯವರದ್ದು ಬಿಟ್ಟರೆ ಮುಂದಿನ ಮದುವೆಯವರೆಗೆ ಮಾತುಕತೆ ಬಂದ್. ಹಾಗಾಗಿ ಅಜ್ಜಿಯರು, ತೊಟ್ಟಿಲ ಕೂಸುಗಳು, ಸುರಪುರಕ್ಕೆ ಕೊಟ್ಟ ಹೆಣ್ಣುಮಕ್ಕಳು, ಅವರ ಗಂಡಂದಿರು, ಎಲ್ಲರೂ ಕಾರ್ಡು ಹತ್ತಿದರು.

ಹಾಡು ಬರುವ ಸಂಜೆ ಕಾಲುವೆಯ ಏರಿಯ ಮೇಲೆ ರೇಡಿಯೋ ಇಟ್ಟುಕೊಂಡು ಕುಳಿತೆವು; ಮಲ್ಲಣ್ಣನ ಪಕ್ಕ ಗಿಟಾರು, ಏರಿಯ ಕೆಳಗೆ ಕಾಕಾನ ಕುರಿಗಳು. ಓದುವ ಹೆಣ್ಣುಮಗಳು ಕರ್ತವ್ಯನಿಷ್ಠೆ. ಒಂದು ಹೆಸರನ್ನೂ ಬಿಡಲಿಲ್ಲ. ಹೆಸರು ಬಂದವರು ಬಂದಂತೆ ರುಮಾಲು ಸರಿಮಾಡಿಕೊಂಡರು. ಕಾಕಾನ ಹೆಸರೂ ಬಂತು. ಕೊನೆಗೆ ಗಿಟಾರು ಮೊಳಗಿತು, ನನ್ನ ಡ್ರಮ್ಮು ಅದನ್ನು ಅಟ್ಟಿಸಿಕೊಂಡು ಬಂತು. ಇನ್ನೇನು ಮಲ್ಲಣ್ಣ ಬಾಯಿ ತೆರೆಯಬೇಕು, ವೇಳೆ ಮುಗಿದು ರೈತರ ಕಾರ್ಯಕ್ರಮ ಶುರುವಾಯಿತು. ಕೇಂದ್ರದ ಲೆಕ್ಕದಲ್ಲಿ ಹಾಡು ಪ್ರಸಾರವಾಗಿತ್ತು. ಮತ್ತೆಂದೂ ಅದನ್ನು ಹಾಕಲಿಲ್ಲ.

ಊರಿನವರು ಖುಷಿಯಿಂದಲೇ ಎದ್ದು ಹೋದರು. ಕಾರ್ಯಕ್ರಮ ಛಲೋ ಆಯಿತೆಂದು ನನ್ನ ಬೆನ್ನು ತಟ್ಟಿದವರೂ ಉಂಟು. ಉಳಿದವರು ನಾವು ಮೂವರು. ಮಲ್ಲಣ್ಣ ಗಿಟಾರನ್ನು ಚೀಲಕ್ಕೆ ಹಾಕುತ್ತ, ಸಂತೆಗೆ ಹೋಗಿ ಕುರಿ ನೋಡಿ ಬರುತ್ತೇನೆಂದ. ತಂದೆಯ ಮುಖ ನೋಡಲಿಲ್ಲ. ನೋಡುತ್ತಿದ್ದವನು ನಾನು. ಕಾಕಾ ರೇಡಿಯೋ ಬಂದ್ ಮಾಡಿದರು. ಕೆಮ್ಮಿದರು.

"ನನ್ನ ಹೆಸರು ಹೇಳಿ ನಿನ್ನ ಹಾಡು ಹಾಕ್ಯಾರ. ನಾಳಿ ಯಾರರ ಹೆಂಗಿತ್ತು ಅಂತ ಕೇಳಿದ್ರ ಏನಂತ ಹೇಳ್ಲಿ ನಾ? ತೆಗಿ ಅದನ್ನ. ಉಳಿದದ್ದು ಹಾಡು."

ಮಲ್ಲಣ್ಣ ಹಾಡಿದ. ನಾನು ತೊಡೆಯ ಮೇಲೆ ತಾಳ ಹಾಕಿದೆ. ಹಾಡಿನುದ್ದಕ್ಕೂ ಕಾಕಾ ನೀರನ್ನೇ ನೋಡುತ್ತಿದ್ದರು. ಮುಗಿದ ಮೇಲೆ ರೇಡಿಯೋವನ್ನು ಹೆಗಲಿಗೆ ಹಾಕಿಕೊಂಡು, ಕುರಿಗಳನ್ನು ಊರ ಕಡೆ ತಿರುಗಿಸಿದರು.

"ಪಾಪ, ರೇಡಿಯೋದವರಿಗೆ ಪುರಸೊತ್ತಿಲ್ಲ," ಎಂದರು. "ನಮಗೈತಿ. ಮನಿ ಮುಟ್ಟೋತನಕ ಹಾಡಕೋತ ಬಾ."