ಹ್ಞೂಂ ಅಂದರೆ ಉತ್ತರವಲ್ಲ

ಹೊಸ ಹೆಡ್‌ಸೆಟ್ ಮೊನ್ನೆ ಭಾನುವಾರ ಕೈಕೊಟ್ಟಿತು. ಅಟ್ಟದ ಮೇಲಿನ ಪೆಟ್ಟಿಗೆಯಿಂದ ಹಳೆಯದನ್ನು ಇಳಿಸಿ ತಲೆಗೆ ಹಾಕಿಕೊಂಡೆ. ಕಿವಿಯ ಮೆತ್ತೆ ಹುಡಿಹುಡಿಯಾಗಿತ್ತು. ಕೆನ್ನೆಗೆಲ್ಲ ಕಪ್ಪು ಹೊಟ್ಟು ಅಂಟಿತು, ಜೊತೆಗೆ ನೀಲಗಿರಿ ಎಣ್ಣೆಯ ವಾಸನೆ. ಇಷ್ಟು ಕಾಲವಾದರೂ ಆ ಸ್ಪಂಜಿನೊಳಗೆ ಅದು ಹೇಗೆ ಉಳಿದಿತ್ತೋ... ಅದು ನಮ್ಮ ಎದುರುಮನೆಯವರ ಹೆಡ್‌ಸೆಟ್. ಶೀತ ಇರಲಿ ಬಿಡಲಿ, ಅವರು ದಿನಾ ಕಿವಿಯ ಹಿಂದೆ ನೀಲಗಿರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ವಾಸನೆ ಮೂಗಿಗೆ ಬಡಿದದ್ದೇ ಹಳೆಯ ಸಿಟ್ಟು ನೆತ್ತಿಗೇರಿತು.

ಆರ್.ಟಿ. ನಗರದ ನಮ್ಮ ಅಡ್ಡರಸ್ತೆ ಎಷ್ಟು ಇಕ್ಕಟ್ಟೆಂದರೆ ಎದುರುಮನೆಯವರು ಒಗ್ಗರಣೆ ಹಾಕಿದರೆ ನಾವು ಸೀನಬೇಕು. ಅವರು ಗದಗದ ಕಡೆಯವರು. ಯಲಹಂಕದ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಹೆಂಡತಿಯ ಜೊತೆ ಎದುರಿನ ಮೊದಲ ಮಹಡಿಗೆ ಬಾಡಿಗೆಗೆ ಬಂದಿದ್ದರು. ಸಂಜೆಯಾದರೆ ಆ ಕಿಟಕಿಯಿಂದ ಇಂಗ್ಲಿಷಿನಲ್ಲಿ ಅಪ್ಪಣೆಗಳು ಕೇಳಿಬರುತ್ತಿದ್ದವು. ನಿಲ್ಲು, ಎಡಕ್ಕೆ ತಿರುಗು, ಇಳಿಯಬಹುದು... ಮನೆಯಲ್ಲಿ ಬೇರೆ ಯಾರೂ ಇಲ್ಲದಾಗಲೂ. ಪಾಪ, ಕೆಲಸ ಬಿಟ್ಟಮೇಲೆ ಮೇಷ್ಟ್ರ ತಲೆ ಸ್ವಲ್ಪ ಆಚೀಚೆ ಆಗಿರಬೇಕು ಅಂದುಕೊಂಡಿದ್ದೆ.

ಒಂದು ಸಂಜೆ ಅವರ ಹೆಂಡತಿಗೆ ಕರಿಬೇವು ಕೊಡಲು ಹೋದಾಗ ಕಂಪ್ಯೂಟರಿನ ಪರದೆ ಕಣ್ಣಿಗೆ ಬಿತ್ತು. ಕಪ್ಪು ಪರದೆಯ ಮೇಲೆ ನಮ್ಮ ದೇವನಹಳ್ಳಿ ವಿಮಾನ ನಿಲ್ದಾಣದ ಗೆರೆಗಳು, ಅವುಗಳ ಮೇಲೆ ಇರುವೆಯ ಹಾಗೆ ಹರಿಯುವ ಚುಕ್ಕೆಗಳು. ಒಂದೊಂದು ಚುಕ್ಕೆಯ ಹಿಂದೆಯೂ ಎಲ್ಲೋ ಒಂದು ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಒಬ್ಬ ಮನುಷ್ಯ. ಒಬ್ಬ ಮಂಗಳೂರಿನವ, ಇನ್ನೊಬ್ಬ ಯಾವುದೋ ಹೊರದೇಶದವ. ಎಲ್ಲರೂ ಇಂಟರ್‌ನೆಟ್‌ನಲ್ಲಿ ಒಂದೇ ಆಕಾಶದಲ್ಲಿ ಸೇರುತ್ತಿದ್ದರು. ಅವರಿಗೆ ದಾರಿ ತೋರಿಸುವ ಕಂಟ್ರೋಲರ್ ನಮ್ಮ ಎದುರುಮನೆಯವರು. ಸಂಬಳವಿಲ್ಲ, ನಿಜವಾದ ವಿಮಾನವೂ ಇಲ್ಲ. ನಿಯಮಗಳು ಮಾತ್ರ ನಿಜವಾದವೇ.

ನಾನು ಆಗಲೂ ಈಗಲೂ ಯಶವಂತಪುರದ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಫೋನಿನ ಮುಂದೆ ಕೂರುವವಳು. ಯಾವ ಲಾರಿ ಯಾವ ಗೋಡೌನಿಗೆ ಅಂತ ಡ್ರೈವರುಗಳಿಗೆ ಹೇಳುವುದು ನನ್ನ ಕೆಲಸ. ನಾನು ಹೇಳುತ್ತೇನೆ, ಅವರು "ಹ್ಞೂಂ ಅಕ್ಕಾ, ಹ್ಞೂಂ ಅಕ್ಕಾ" ಅಂದು ಫೋನಿಟ್ಟು ಇನ್ಯಾವುದೋ ಗೋಡೌನಿಗೆ ಹೋಗುತ್ತಾರೆ. ಬೈಸಿಕೊಳ್ಳುವವಳು ನಾನು. ಅಂಥವಳ ಕಣ್ಣೆದುರಿಗೆ ಒಬ್ಬರು "ನಿಲ್ಲು" ಅನ್ನುವುದು, ಇಡೀ ವಿಮಾನ ನಿಂತು "ನಿಂತಿದ್ದೇನೆ" ಅಂತ ಉತ್ತರ ಕೊಡುವುದು! ಹೊಟ್ಟೆಕಿಚ್ಚಾಯಿತು ಅಂದರೆ ತಪ್ಪಿಲ್ಲ. ಯಾರು ಇಳಿಯಬೇಕು, ಯಾರು ಏರಬೇಕು ಅಂತ ತೀರ್ಮಾನಿಸುವ ಆ ಟವರ್ ಕುರ್ಚಿ ನನಗೆ ಬೇಕೆನಿಸಿತು. ಈ ವಯಸ್ಸಿನಲ್ಲಿ ಒಂದು ಕಡೆಯಾದರೂ ನನ್ನ ಮಾತು ನಡೆಯಲಿ. ಗಂಡ ನಕ್ಕ. "ಗೊಂಬೆ ವಿಮಾನಕ್ಕೆ ಇಷ್ಟೊಂದ್ ಟೆನ್ಶನ್ ಯಾಕ್ ಮಾಡ್ಕೋತೀಯ ಕಣೇ?"

ಶುರು ಮಾಡುವುದೇ ಒಂದು ಗೋಳು. ಹೆಸರು ಬರೆಸಿದ ಮೇಲೆ ಓದಲು ರಾಶಿ ಪುಟಗಳು, ಆಮೇಲೆ ಬರಹದ ಪರೀಕ್ಷೆ. ರಾಡಾರ್ ತೋರಿಸುವ ಸಾಫ್ಟ್‌ವೇರ್ ಒಂದು, ಮಾತಾಡುವುದಕ್ಕೆ ಇನ್ನೊಂದು. ಇದು ತೆರೆದರೆ ಅದು ಮುಚ್ಚಿಕೊಳ್ಳುತ್ತಿತ್ತು. ಎರಡೂ ಸರಿಹೋದವು ಅನ್ನುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಬರೀ ಕೇಳಿಸಿಕೊಳ್ಳಬೇಕಾದ ವಾರಗಳು ಬೇರೆ. ಕಲಿಸುವವರು ಕೆಲವೇ ಮಂದಿ, ಕಲಿಯುವವರ ಸಾಲು ಹೆಬ್ಬಾಳದ ಮೇಲುಸೇತುವೆಯ ಸಂಜೆಯ ಸಾಲಿಗಿಂತ ಉದ್ದ. ಕಾದು ಕಾದು ಸರದಿ ಬಂದಾಗ ಸಿಕ್ಕ ತರಬೇತುದಾರರು ಯಾರು? ಎದುರುಮನೆಯವರು! ರಸ್ತೆ ದಾಟಿದರೆ ಸಿಗುವ ಮನುಷ್ಯನಿಗಾಗಿ ತಿಂಗಳುಗಟ್ಟಲೆ ಕಾದಿದ್ದೆ. "ಮೊದ್ಲೇ ತಗೋಬಹುದಿತ್ತಲ್ಲ ಸರ್" ಅಂದರೆ, "ಸಾಲು ಅಂದ್ರ ಸಾಲು ರೀ" ಅಂದುಬಿಟ್ಟರು.

ಮೊದಲ ಮೆಟ್ಟಿಲು ನೆಲದ ಕೆಲಸ. ಹೊರಡುವ ವಿಮಾನಕ್ಕೆ ದಾರಿ ಓದಿ ಹೇಳಬೇಕು, ನಿಂತ ಜಾಗದಿಂದ ರನ್‌ವೇ ಅಂಚಿನ ತನಕ ನಡೆಸಬೇಕು. ಅವರು ತಮ್ಮ ಮನೆಯಲ್ಲಿ ಕೂತು ಹೆಡ್‌ಸೆಟ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದರು, ನಾನು ನಮ್ಮ ಮನೆಯಲ್ಲಿ ಬೆವರುತ್ತಿದ್ದೆ. ಮೊದಲ ದಿನ ನಾನು ಪೈಲಟ್‌ಗಳನ್ನೆಲ್ಲ ಸರ್, ಸರ್ ಅಂತ ಕರೆದೆ. ಒಬ್ಬ ಪೈಲಟ್ ನಾನು ಹೇಳಿದ್ದಕ್ಕೆ ಸುಮ್ಮನೆ "ರೋಜರ್" ಅಂದ, ಅಂದರೆ ಕೇಳಿಸಿತು ಅಂತ. ನಾನೂ ಮೈಕಿನಲ್ಲಿ "ಹ್ಞೂಂ" ಅಂದೆ. ಪಾಠ ಮುಗಿದದ್ದೇ ಎದುರಿನ ಕಿಟಕಿ ತೆರೆಯಿತು.

"ಹ್ಞೂಂ ಅನ್ನೂದು ಉತ್ತರ ಅಲ್ರೀ! ಅಜ್ಜಿ ಕಥಿ ಕೇಳಾಕತ್ತೀರೇನು? ನೀವು ಹೇಳಿದ್ದನ್ನ ಅಂವ ತಿರುಗಿ ಒಪ್ಪಸಬೇಕು, ನೀವು ಕಿವಿಗೊಟ್ಟು ಕೇಳಬೇಕು. ತಪ್ಪಿದ್ರ ತಿದ್ದಬೇಕು. ಕೇಳಸಲಿಲ್ಲಂದ್ರ ಇನ್ನೊಮ್ಮೆ ಹೇಳು ಅನ್ನಬೇಕು. ಅದರಾಗ ನಾಚಿಕಿ ಏನೈತಿ?"

ಇಡೀ ಬೀದಿಗೆ ಕೇಳಿತು. ಇಸ್ತ್ರಿ ಗಾಡಿಯವನು ಕೈ ನಿಲ್ಲಿಸಿ ನನ್ನನ್ನು ನೋಡಿದ. ಮೈಯೆಲ್ಲ ಉರಿಯಿತು. ಆದರೆ ಮಾತು ಖರೆ. ನಮ್ಮ ಜನಕ್ಕೆ ಹ್ಞೂಂಗುಟ್ಟುವುದು ಹುಟ್ಟುಗುಣ. ಕೇಳಿಸಲಿ ಬಿಡಲಿ, ತಿಳಿಯಲಿ ಬಿಡಲಿ, ಎದುರಿನವರು ಮಾತಾಡುತ್ತಿದ್ದರೆ ನಾವು ಹ್ಞೂಂ ಅನ್ನುತ್ತಲೇ ಇರಬೇಕು. ಇನ್ನೊಂದು ಸಲ ಹೇಳಿ ಅಂದರೆ ಅವರಿಗೂ ಅವಮಾನ, ನಮಗೂ ಅವಮಾನ. ಈ ಚಾಳಿ ಬಿಡಿಸುವುದಕ್ಕೆ ಅವರು ನನ್ನ ಜೀವ ತಿಂದರು. ಮಗ್ಗಿ ಒಪ್ಪಿಸಿದ ಹಾಗೆ ಪೈಲಟ್ ಪೂರ್ತಿ ಒಪ್ಪಿಸುವ ತನಕ ಮುಂದಕ್ಕೆ ಹೋಗುವಂತಿಲ್ಲ.

ಮನೆಮಾತಿನಲ್ಲೂ ಅವರದು ಅದೇ ಪದ್ಧತಿ. "ನಾಳೆ ನೀರು ಬರಲ್ಲಂತೆ ಸರ್" ಅಂದರೆ "ನಾಳೆ ನೀರು ಬರಂಗಿಲ್ಲ" ಅಂತ ಒಪ್ಪಿಸುತ್ತಿದ್ದರು. ತರಕಾರಿಯವನು ಟೊಮೆಟೊ ಮುಗಿಯಿತು, ಬದನೆಕಾಯಿ ಇದೆ ಅಂದರೆ ಅದನ್ನೂ ಅವನಿಗೇ ತಿರುಗಿ ಹೇಳುತ್ತಿದ್ದರು. "ನಾನ್ ಹೇಳಿದ್ದೇ ನಂಗ್ ಹೇಳ್ತಾರಲ್ಲಕ್ಕಾ, ಏನ್ ಇವ್ರು?" ಅಂತ ಅವನು ನಗುತ್ತಿದ್ದ. ಮೇಷ್ಟ್ರ ಚಟ ಅಂತ ನಾನೂ ನಗುತ್ತಿದ್ದೆ. ಅವರ ಕಂಪ್ಯೂಟರಿನ ಸದ್ದು ದಿನದಿಂದ ದಿನಕ್ಕೆ ಏರುತ್ತಿತ್ತು. ಅವರು ಹೆಡ್‌ಸೆಟ್ ಹಾಕಿಕೊಂಡಿದ್ದರೂ ಸ್ಪೀಕರ್ ಬೇರೆ ಹಾಕುತ್ತಿದ್ದರು, ಪೈಲಟ್‌ಗಳ ಮಾತು ರಸ್ತೆಯ ಈಚೆಗೆ ಕೇಳುತ್ತಿತ್ತು. ಅಕ್ಕಪಕ್ಕದವರ ಪರಿವೆಯೇ ಇಲ್ಲ ಅಂತ ಬೈದುಕೊಂಡೆ, ಅಷ್ಟೇ. ನನಗಾದರೂ ಹೊಳೆಯಬೇಕಿತ್ತು...

ನನ್ನ ಜೊತೆ ಶುರು ಮಾಡಿದವರೆಲ್ಲ ಟವರ್‌ಗೆ ಏರಿದರು. ನಾನು ಮಾತ್ರ ನೆಲದಲ್ಲೇ. ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಅಂತ ಅವರು ತಳ್ಳುತ್ತಲೇ ಬಂದು ಕೊನೆಗೊಂದು ಶನಿವಾರ ಸಂಜೆ ಟವರ್ ಪರೀಕ್ಷೆ ಇಟ್ಟರು. ಪರೀಕ್ಷಕರೂ ಅವರೇ.

ಅವತ್ತಿನಷ್ಟು ಚೆನ್ನಾಗಿ ನಾನು ಜೀವನದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಒಂದು ವಿಮಾನ ಇಳಿಯಲು ಬರುತ್ತಿತ್ತು. ಇನ್ನೊಂದಕ್ಕೆ ರನ್‌ವೇ ಅಂಚಿನಲ್ಲೇ ನಿಲ್ಲು ಅಂದೆ. ಆ ಪೈಲಟ್ "ರೋಜರ್" ಅಂದ, ಅಷ್ಟೇ. ನಾನು ಬಿಡಲಿಲ್ಲ, ಪೂರ್ತಿ ಒಪ್ಪಿಸು ಅಂತ ಕೇಳಿದೆ. ಅವನ ಮೈಕು ಕ್ಷೀಣ, ನನ್ನ ಗಂಟಲೂ ಸಣ್ಣದು. ಆದರೂ ಅವನು ಒಪ್ಪಿಸಿದ: ಅಂಚಿನಲ್ಲೇ ನಿಲ್ಲುತ್ತೇನೆ. ನಿಂತ. ಬರುತ್ತಿದ್ದ ವಿಮಾನ ಸುಖವಾಗಿ ಇಳಿಯಿತು. ಪರೀಕ್ಷೆ ಮುಗಿದದ್ದೇ ಗಂಡನಿಗೂ ನನಗೂ ಕಾಫಿ ಬೆರೆಸಿದೆ, ಖುಷಿಗೆ.

ಫಲಿತಾಂಶ ಬಂತು. ಅನುತ್ತೀರ್ಣ. ಕಾರಣ: ಪೈಲಟ್ ಬರೀ ರೋಜರ್ ಅಂದಾಗ ತಿರುಗಿ ಕೇಳಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿ ಅವರ ಮೆಟ್ಟಿಲು ಹತ್ತಿದೆ. ಅವರ ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದರು. ಅವರು ಹೆಡ್‌ಸೆಟ್ ಕತ್ತಿಗೆ ಇಳಿಬಿಟ್ಟುಕೊಂಡು ಕೂತಿದ್ದರು.

"ನಾನು ಕೇಳ್ದೆ ಸರ್! ಅವನು ಹೇಳ್ದ!" ಅಂತ ಕಿರುಚಿದೆ.

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ" ಅಂದರು, ಶಾಂತವಾಗಿ.

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ನಾನು ಅಡುಗೆಮನೆಯ ಕಡೆ ನೋಡಿದೆ, ಅವರು ನೋಡಲಿಲ್ಲ. ಮತ್ತೆ ಕೂಗಿತು. ಮತ್ತೂ ಕೂಗಿತು. ಸೀದ ಬೇಳೆಯ ವಾಸನೆ ನಡುಮನೆಗೆ ಬಂತು. ಅವರು ನನಗೆ ನಿಯಮ ಹೇಳುತ್ತಲೇ ಇದ್ದರು, ಪಕ್ಕದಲ್ಲಿ ಏನೂ ಆಗುತ್ತಿಲ್ಲ ಎನ್ನುವ ಹಾಗೆ. ನಾನೇ ಹೋಗಿ ಗ್ಯಾಸ್ ಆರಿಸಿ ಬಂದೆ. ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು: ತಿರುಗಿ ಒಪ್ಪಿಸುವ ಚಟ, ರಸ್ತೆ ದಾಟುತ್ತಿದ್ದ ಸದ್ದು, ನನ್ನ ಸಣ್ಣ ಗಂಟಲು.

"ನಿಮಗೆ ಕೇಳಿಸ್ತಿಲ್ಲ ಅಲ್ವಾ ಸರ್?" ಅಂದೆ. ಜೋರಾಗಿ ಹೇಳಲು ಆಗಲಿಲ್ಲ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಹ್ಞೂಂ" ಅಂದರು. "ಹ್ಞೂಂ, ಹ್ಞೂಂ." ಅಂದು ಪರದೆಯ ಕಡೆ ತಿರುಗಿಕೊಂಡರು. ಅವರ ಬಾಯಲ್ಲಿ ಆ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅದು ಒಪ್ಪಿಗೆಯೋ, ಕೇಳಿಸದೆ ಅಂದದ್ದೋ, ದೇವರೇ ಬಲ್ಲ.

ಫಲಿತಾಂಶ ಬದಲಾಗಲಿಲ್ಲ. ನಾನು ದೂರು ಕೊಡಬಹುದಿತ್ತು, ಕೊಡಲಿಲ್ಲ, ಏನಂತ ಬರೆಯುವುದು? ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಂತೆ. ಅವರು ಆ ವಾರವೇ ಕಲಿಸುವುದನ್ನು ನಿಲ್ಲಿಸಿದರು. ಎದುರಿನ ಕಿಟಕಿ ಸಂಜೆ ಹೊತ್ತು ಮೂಕವಾಯಿತು. ಸ್ವಲ್ಪ ದಿನಕ್ಕೆ ಗಂಡಹೆಂಡಿರಿಬ್ಬರೂ ಹುಬ್ಬಳ್ಳಿಯ ಮಗಳ ಮನೆಗೆ ಹೊರಟರು. ಸಾಮಾನು ಗಾಡಿಗೆ ಏರಿದ ಮೇಲೆ ಅವರು ರಸ್ತೆ ದಾಟಿ ಬಂದು ಹೆಡ್‌ಸೆಟ್ ನನ್ನ ಕೈಗಿಟ್ಟರು. "ಇದು ನನಗ ಇನ್ನ ಬ್ಯಾಡ್ರಿ" ಅಂದರು. ಬೇರೆ ಏನು ಹೇಳಿದ್ದರೂ ನನ್ನ ಸಿಟ್ಟು ಇಳಿಯುತ್ತಿತ್ತು.

ಮುಂದಿನ ಸಲ ಬೇರೊಬ್ಬ ಪರೀಕ್ಷಕರ ಎದುರು ನಾನು ಪಾಸಾದೆ. ಗಂಡನಿಗೆ ಹೇಳುವ ಮೊದಲೇ ಹುಬ್ಬಳ್ಳಿಗೆ ಫೋನ್ ಮಾಡಿದೆ. ಅವರ ಹೆಂಡತಿ ತೆಗೆದು ಅವರ ಕೈಗೆ ಕೊಟ್ಟರು.

"ಸರ್, ನಂಗೆ ಟವರ್ ಸಿಕ್ತು!"

"ಹ್ಞೂಂ... ಹ್ಞೂಂ ರೀ. ಛಲೋ ಆತು."

ನಾನು ಕಾದೆ. ಎದುರುಮನೆಯವರು ಎಂದರೆ ಹೇಳಿದ್ದನ್ನು ಒಪ್ಪಿಸುವವರಲ್ಲವೇ? ನಿಮಗ ಟವರ್ ಸಿಕ್ಕತಿ ಅಂತ ಒಂದು ಸಲ ಅಂದರೆ ಸಾಕಿತ್ತು. ಅನ್ನಲಿಲ್ಲ. ಏನು ಛಲೋ ಆಯ್ತು ಸರ್, ತಿರುಗಿ ಹೇಳಿ ಅಂತ ಬಾಯಿ ತುದಿಗೆ ಬಂತು. ಹಿರಿಯರು, ಕೇಳಿಸದವರು, ಹೇಗೆ ಕೇಳುವುದು? "ಆಯ್ತು ಸರ್, ಇಡ್ತೀನಿ" ಅಂದೆ.

ಹೋದ ಮಳೆಗಾಲದಲ್ಲಿ ಅವರ ಹೆಂಡತಿಯ ಫೋನ್ ಬಂತು. "ಹೋಗಿಬಿಟ್ರವಾ" ಅಂದರು. ಸಮಾಧಾನದ ಮಾತೆಲ್ಲ ಮುಗಿದ ಮೇಲೆ ನಾನು ತಡೆಯಲಾರದೆ ಕೇಳಿದೆ, ನನಗೆ ಟವರ್ ಸಿಕ್ಕಿದ್ದು ಸರ್‌ಗೆ ಗೊತ್ತಿತ್ತಾ ಅಂತ.

"ಯಾವ ಟವರ್ ತಂಗಿ?" ಅಂದರು ಅವರು.

ಭಾನುವಾರ ಸಂಜೆ ಆ ಹಳೆಯ ಹೆಡ್‌ಸೆಟ್ ಹಾಕಿಕೊಂಡೇ ಟವರ್‌ನಲ್ಲಿ ಕೂತೆ. ಎದುರಿನ ಮಹಡಿಯಲ್ಲಿ ಈಗ ಬೇರೆ ಬಾಡಿಗೆಯವರು, ಕಿಟಕಿಗೆ ದಪ್ಪ ಪರದೆ. ಯಾವನೋ ಹೊಸ ಪೈಲಟ್ ನನ್ನ ಮಾತಿಗೆ ಬರೀ "ರೋಜರ್" ಅಂದ. ಅವನು ಪೂರ್ತಿ ಒಪ್ಪಿಸುವ ತನಕ ಬಿಡಲಿಲ್ಲ. ಕೆಲಸ ಮುಗಿಸಿ ಕೆನ್ನೆಯ ಕಪ್ಪು ಹೊಟ್ಟು ಒರೆಸಿಕೊಂಡೆ. ನೀಲಗಿರಿಯ ವಾಸನೆ ಕೈಗೂ ಹತ್ತಿತ್ತು. ಅವರು ಇಲ್ಲ ಅನ್ನುವುದು ಅವತ್ತು ಪೂರ್ತಿ ತಿಳಿಯಿತು. ಸಿಟ್ಟು ಮಾತ್ರ ಇನ್ನೂ ಇದೆ. ಕೇಳಸಲಿಲ್ರೀ, ಇನ್ನೊಮ್ಮೆ ಹೇಳ್ರಿ ಅಂತ ಅವರು ಒಂದೇ ಒಂದು ಸಲ ಅಂದಿದ್ದರೆ, ಇಡೀ ಆರ್.ಟಿ. ನಗರಕ್ಕೆ ಕೇಳುವ ಹಾಗೆ ಹೇಳುತ್ತಿದ್ದೆನಲ್ಲ.