ಮುಗಿಯಬಾರದ ಕುರ್ಚಿ

ಪ್ರವಾಸಿಗರಿಗೆ ಹಂಚುವ ನಕ್ಷೆಯಲ್ಲಿ ಹದಿನಾಲ್ಕನೆಯ ಅಂಕಿಯ ಪಕ್ಕ ಒಬ್ಬ ಹೆಂಗಸಿನ ಚಿತ್ರವಿತ್ತು. ಕಿಟಕಿಯ ಬಳಿ ಕೂತು ಬೆತ್ತದ ಕುರ್ಚಿ ಹೆಣೆಯುತ್ತಿರುವ ಹೆಂಗಸು. ಮುಖ ಸ್ವಲ್ಪ ಓರೆ, ತುಟಿಯಲ್ಲಿ ನಗು. ಹಿರಿಸೊಸೆ ಆ ನಕ್ಷೆಯನ್ನು ಎಲ್ಲಿ ಕಂಡರೂ ಚಿತ್ರ ಒಳಗಾಗುವಂತೆ ಮಡಚಿ ಇಡುತ್ತಿದ್ದಳು. ಅದು ಅವಳ ಓರಗಿತ್ತಿಯ ಚಿತ್ರ.

ಹಿರಿಸೊಸೆಗೆ ಐವತ್ತನಾಲ್ಕು ವರ್ಷ. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಬೀದಿಯವರು ಇಟ್ಟ ಹೆಸರು ಹಾಗೇ ಉಳಿದಿತ್ತು. ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ಅವಳ ಕೈಗೆ ಒದ್ದೆ ಬೆತ್ತದ ಕಟ್ಟು ಕೊಟ್ಟಿದ್ದರು. ಬೆತ್ತದ ಎಳೆಯನ್ನು ಎಷ್ಟು ಹೊತ್ತು ನೆನೆಸಬೇಕು, ಚೌಕಟ್ಟಿನ ಯಾವ ತೂತಿನಿಂದ ಮೊದಲ ಎಳೆ ಹೊರಡಬೇಕು, ಆರು ಸುತ್ತಿನಲ್ಲಿ ಯಾವುದು ಯಾವುದರ ಮೇಲೆ ಹಾಯಬೇಕು, ಇದನ್ನೆಲ್ಲ ಅತ್ತೆ ಬಾಯಿಬಿಟ್ಟು ಹೇಳಿದವರಲ್ಲ. ತಪ್ಪಿದರೆ ಬೆತ್ತದ ತುಂಡಿನಿಂದ ಬೆರಳ ಗೆಣ್ಣಿನ ಮೇಲೆ ತಟ್ಟುತ್ತಿದ್ದರು. ಹಿರಿಸೊಸೆ ತುಟಿ ಕಚ್ಚಿಕೊಂಡು ಕಲಿತಳು. ಹತ್ತು ವರ್ಷದ ಮೇಲೆ ಮೈದುನನ ಹೆಂಡತಿಯಾಗಿ ಕಿರಿಯವಳು ಬಂದಳು. ಅವಳು ತಟ್ಟಿಸಿಕೊಂಡಾಗ ಕಿಲಕಿಲ ನಕ್ಕುಬಿಟ್ಟಳು. ಆ ಮನೆಯಲ್ಲಿ ತಟ್ಟಿಸಿಕೊಂಡು ನಕ್ಕವರು ಅವಳೇ ಮೊದಲು. ಅತ್ತೆಯೂ ನಕ್ಕರು. ಆ ನಗು ಹಿರಿಸೊಸೆಯ ಹೊಟ್ಟೆಯಲ್ಲಿ ಅಂದು ಕೂತದ್ದು, ಮತ್ತೆ ಏಳಲೇ ಇಲ್ಲ.

ಕೆಲಸದಲ್ಲಿ ಇಬ್ಬರಿಗೂ ಅಜಗಜಾಂತರ. ಹಿರಿಸೊಸೆ ಒಂದು ಕುರ್ಚಿಯನ್ನು ದಿನದಲ್ಲಿ ಮುಗಿಸಿದರೆ ಕಿರಿಯವಳಿಗೆ ಮೂರು ದಿನ ಬೇಕು. ಒಂದು ಎಳೆ ಎಳೆಯುವುದು, ಒಂದು ಮಾತಾಡುವುದು. ಅವಳ ಕುರ್ಚಿಯ ಕಣ್ಣುಗಳು ಒಂದು ದೊಡ್ಡದು, ಒಂದು ಚಿಕ್ಕದು. ಹಿರಿಸೊಸೆಯ ಕುರ್ಚಿಯ ಮೇಲೆ ಬೇಳೆ ಸುರಿದರೆ ಎಲ್ಲ ಕಣ್ಣಲ್ಲೂ ಒಂದೇ ಸಮನೆ ಇಳಿಯಬೇಕು, ಅಷ್ಟು ಅಚ್ಚುಕಟ್ಟು. ಬೀದಿಗೆಲ್ಲ ಇದು ಗೊತ್ತಿತ್ತು. ಗೊತ್ತಿದ್ದ ಬೀದಿಯೇ ಈಗ ಇರಲಿಲ್ಲ, ಅದೇ ತೊಂದರೆ.

ನಾಲ್ಕು ವರ್ಷದಲ್ಲಿ ಬೀದಿ ಖಾಲಿಯಾಗಿ ಮತ್ತೆ ತುಂಬಿತ್ತು. ಪುಸ್ತಕಕ್ಕೆ ರಟ್ಟು ಕಟ್ಟುವವನು ಹೋದ, ಗಡಿಯಾರದವನು ಹೋದ, ಮೂಲೆಮನೆಯ ಸೂಲಗಿತ್ತಿ ಮಗಳ ಮನೆಗೆ ಹೋದಳು. ಎಲ್ಲ ಬಾಗಿಲುಗಳಿಗೂ ಒಂದೇ ಬೂದು ಬಣ್ಣ ಬಂತು. ಪ್ರತಿ ಬಾಗಿಲ ಪಕ್ಕ ಅಂಕಿ ಒತ್ತಿದರೆ ತೆರೆಯುವ ಒಂದು ಪುಟ್ಟ ಕಬ್ಬಿಣದ ಡಬ್ಬಿ, ಅದರೊಳಗೆ ಕೀಲಿ. ಮೊದಲು ಊರಿಗೆ ಹೋಗುವಾಗ ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದರು. ಪಕ್ಕದ ಮನೆಯವರೇ ಇಲ್ಲದ ಮೇಲೆ ಡಬ್ಬಿಯೇ ನೆಂಟ. ಬೆಳಗಾದರೆ ಕಲ್ಲುಹಾಸಿನ ಮೇಲೆ ಪೆಟ್ಟಿಗೆಗಳ ಚಕ್ರ ಗಡಗಡ ಉರುಳುವ ಸದ್ದು. ಸಾಲಿನ ಮನೆಗಳನ್ನೆಲ್ಲ ಕೊಂಡು ಅತಿಥಿಗೃಹ ಮಾಡಿದವಳನ್ನು ಉಳಿದ ನಾಲ್ಕಾರು ಜನ ಹೋಟೆಲಮ್ಮ ಎನ್ನುತ್ತಿದ್ದರು. ಅವಳು ಕೋಣೆಗಳಿಗೆ ಹೋದವರ ಕಸುಬಿನ ಹೆಸರನ್ನೇ ಇಟ್ಟಿದ್ದಳು. ಗಡಿಯಾರದ ಕೋಣೆ, ಸೂಲಗಿತ್ತಿ ಕೋಣೆ. ಸೂಲಗಿತ್ತಿ ಕೋಣೆಗೆ ಹೊಸ ಮದುವೆಯವರು ಬಹಳ ಬರುತ್ತಾರಂತೆ ಎಂದು ಹಿರಿಸೊಸೆಯ ಗಂಡ ಹೇಳಿ ಹೇಳಿ ನಗುತ್ತಿದ್ದ. ಅವನು ಬಡಗಿ. ಈಗ ಹೋಟೆಲಮ್ಮನ ಕಿಟಕಿಗಳ ತಿರುಗಣಿ ಸರಿಮಾಡುತ್ತಿದ್ದ. ಅವನ ತಮ್ಮ ಅತಿಥಿಗಳ ಪೆಟ್ಟಿಗೆ ಹೊರುತ್ತಿದ್ದ.

ಕುರ್ಚಿ ಹೆಣೆಯುವ ಇವರ ಮನೆಯನ್ನೂ ಹೋಟೆಲಮ್ಮ ಕೊಂಡಿದ್ದಳು. ಆದರೆ ಎಬ್ಬಿಸಲಿಲ್ಲ. ಬೀದಿಗೆ ಒಂದಾದರೂ ಜೀವಂತ ಕಸುಬು ಬೇಕು ಎಂದಳು. ಮುಂದಿನ ಕೋಣೆಯ ಕಿಟಕಿಯನ್ನು ಅಗಲ ಮಾಡಿಸಿ, ಅಲ್ಲಿ ಒಬ್ಬರು ದಿನವೂ ಕೂತು ಹೆಣೆಯುವುದಾದರೆ ಎರಡು ಸಂಸಾರವೂ ಹಿಂದಿನ ಕೋಣೆಗಳಲ್ಲಿ ಇರಬಹುದು. ಕಿಟಕಿ ಇರುವ ತನಕ ಮನೆ. ಮಾತು ಅಷ್ಟು ನೇರ. ಯಾರು ಕೂರಬೇಕು ಎಂದು ನೋಡಲು ಬಂದ ದಿನ ಹಿರಿಸೊಸೆ ತಲೆ ಎತ್ತದೆ ಹೆಣೆಯುತ್ತಿದ್ದಳು. ಕಿರಿಯವಳು ತಲೆ ಎತ್ತಿ ನಕ್ಕಳು. ಹೋಟೆಲಮ್ಮ ಕಿರಿಯವಳನ್ನು ತೋರಿಸಿದಳು.

ಅಲ್ಲಿಂದ ಹಿರಿಸೊಸೆ ಹಿಂದಿನ ಕೋಣೆಯಲ್ಲಿ ಅತಿಥಿಗೃಹದ ಹರಿದ ಕುರ್ಚಿಗಳನ್ನು ಒಂದೊಂದಾಗಿ ಹೆಣೆದಳು. ಬೆಳಕಿಗೆ ಒಂದು ಗವಾಕ್ಷಿ. ಮುಂದಿನ ಕೋಣೆಯಲ್ಲಿ ಕಿರಿಯವಳು ಒಂದೇ ಕುರ್ಚಿಯನ್ನು ವರ್ಷವಿಡೀ ಹೆಣೆದಳು. ಬಂದವರಿಗೆ ಯಾವಾಗಲೂ ಅರ್ಧ ಆದ ಕುರ್ಚಿಯೇ ಕಾಣಬೇಕು ಎಂದು ಹೋಟೆಲಮ್ಮನ ಕಟ್ಟಪ್ಪಣೆ. ಹಾಗಾಗಿ ಕಿರಿಯವಳು ಸಂಜೆ ಐದಕ್ಕೆ ಆ ದಿನದ ಎಳೆಗಳನ್ನು ಬಿಚ್ಚಿ, ಬೆಳಗ್ಗೆ ಮತ್ತೆ ಶುರು ಮಾಡುತ್ತಿದ್ದಳು.

ಇದಕ್ಕೆ ಅಸೂಯೆ ಪಡುವುದೇನಿದೆ ಎಂದು ಗಂಡ ಕೇಳಿದ. ಹಿಂದಿನ ಕೋಣೆಗೆ ಎಲ್ಲವೂ ಕೇಳಿಸುತ್ತಿತ್ತು. ಹಳದಿ ಕೊಡೆ ಎತ್ತಿ ಹಿಡಿದು ಗುಂಪು ಕರೆತರುವ ಕೊಡೆಯಪ್ಪ ಕಿಟಕಿಯ ಮುಂದೆ ನಿಂತು, ಮೂರು ತಲೆಮಾರಿನ ವಿದ್ಯೆ ಇದು, ಈ ಕೈಗಳನ್ನು ನೋಡಿ ಎನ್ನುತ್ತಿದ್ದ. ಯಾವ ಕೈಗಳು? ಬೆತ್ತದ ಅಂಚು ತಾಗಿ ಸೀಳಿದ ಬೆರಳುಗಳು ಹಿಂದೆ ಇದ್ದವು. ಮುಂದಿದ್ದವು ಮುಲಾಮು ಹಚ್ಚಿದ ಬೆರಳುಗಳು. ಮುಲಾಮನ್ನು ಹೋಟೆಲಮ್ಮನೇ ತಂದುಕೊಟ್ಟಿದ್ದಳು. ಕಿರಿಯವಳು ಅದರಲ್ಲಿ ಅರ್ಧ ಡಬ್ಬಿ ತಂದು, "ಹಚ್ಕೋ ಅಕ್ಕ, ತಣ್ಣಗಿರುತ್ತೆ" ಎಂದಿದ್ದಳು. ಹಿರಿಸೊಸೆ ಅದನ್ನು ಬಾಗಿಲ ತಿರುಗಣಿಗೆ ಹಚ್ಚಿದಳು. ಕಿರುಗುಟ್ಟುವುದು ನಿಂತಿತು.

ಹೀಗಿರುವಾಗ ಕಿರಿಯವಳ ದವಡೆಹಲ್ಲು ಕೀಳಬೇಕಾಯಿತು. ಕೆನ್ನೆ ಬನ್ನಿನ ಹಾಗೆ ಉಬ್ಬಿತು. ಆ ಮುಖ ಕಿಟಕಿಗೆ ಬೇಡ ಎಂದು ಹೋಟೆಲಮ್ಮ ಬೆಳಗ್ಗೆಯೇ ಹಿರಿಸೊಸೆಯ ಹತ್ತಿರ ಬಂದಳು.

"ಇವತ್ತು ನೀವು ಕೂತ್ಕೊಳ್ಳಿ. ಜನಕ್ಕೆ ಇಷ್ಟವಾದ್ರೆ ವಾರ ಬಿಟ್ಟು ವಾರ ನಿಮ್ಮದೇ ಕಿಟಕಿ. ಆಮೇಲೆ ನಕ್ಷೆ ಮತ್ತೆ ಅಚ್ಚಾಗುತ್ತೆ, ನಿಮ್ಮ ಚಿತ್ರಾನೂ ಹಾಕಿಸೋಣ."

ಹಿರಿಸೊಸೆ ತಲೆಯಾಡಿಸಿದಳು. ಒಳಗೆ ಹೋಗಿ ತಲೆ ಬಾಚಿಕೊಂಡಳು, ಬಿಚ್ಚಿ ಮತ್ತೊಮ್ಮೆ ಬಾಚಿಕೊಂಡಳು. ಕಿರಿಯವಳು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಲ್ಲಿಂದಲೇ ಏನೋ ಹೇಳಲು ಹೋದಳು. ಬಾಯಿ ತೆರೆಯಲಾಗದೆ ಕೈಸನ್ನೆ ಮಾಡಿದಳು: ನಿಧಾನ, ನಿಧಾನ. ಕಿಟಕಿ ಕೈತಪ್ಪುವ ಸಂಕಟಕ್ಕೆ ಹೀಗೆ ಮಾಡುತ್ತಾಳೆ ಎಂದುಕೊಂಡು ಹಿರಿಸೊಸೆ ಮುಂದೆ ನಡೆದಳು.

ಕುರ್ಚಿಯಲ್ಲಿ ದಿನವೂ ಬಿಚ್ಚದೆ ಉಳಿಸುವ ನಾಲ್ಕು ಸುತ್ತು ಆಗಿತ್ತು. ಕಣ್ಣಳತೆ ತಪ್ಪಿದ ಎಳೆಗಳನ್ನು ನೋಡಿ ಅವಳಿಗೆ ಮೈ ಉರಿಯಿತು. ಮೊದಲು ಅವನ್ನೆಲ್ಲ ಮೊಳೆಯ ತುದಿಯಿಂದ ಸರಿಸಿ ನೇರ ಮಾಡಿದಳು. ಆಮೇಲೆ ಐದನೆಯ ಸುತ್ತು ಹಿಡಿದಳು. ಹತ್ತು ಗಂಟೆಯ ಗುಂಪು ಬಂತು. ಎತ್ತಿದ ಫೋನುಗಳು, ಗಾಜಿಗೆ ಒತ್ತಿದ ಮೂಗುಗಳು. ನಗಬೇಕು ಎಂದು ನೆನಪಾಗಿ ನಕ್ಕಳು, ತುಟಿ ಮಾತ್ರ ಅಗಲವಾಯಿತು. ಆದರೆ ಕೈ ನೋಡಿ ಜನ ಸುಮ್ಮನಾದರು. ಕೊಡೆಯಪ್ಪ ಕೂಡ ಪಾಠ ಒಪ್ಪಿಸುವುದನ್ನು ಮರೆತ. ಎಳೆ ಸರ್ ಎಂದು ತೂತಿಂದ ತೂತಿಗೆ ಹೋಗುತ್ತಿತ್ತು. ಒಬ್ಬಳು ಮುದುಕಿ ಗಾಜಿನ ಆಚೆ ತನ್ನ ಬೆರಳನ್ನೂ ಹಾಗೇ ಆಡಿಸಿದಳು.

ಈಗ ನೋಡಲಿ, ಎಂದುಕೊಂಡಳು ಹಿರಿಸೊಸೆ. ವರ್ಷದಲ್ಲಿ ಅವಳು ಮಾಡಿದ್ದು ಎಷ್ಟು, ನಾನು ಒಂದು ಹಗಲಲ್ಲಿ ಮಾಡುವುದು ಎಷ್ಟು. ಊಟಕ್ಕೆ ಏಳಲಿಲ್ಲ. ಆರನೆಯ ಸುತ್ತು ಓಡಿತು. ಕುರ್ಚಿಯನ್ನು ಮಗುಚಿ ಅಡಿಯಲ್ಲಿ ಕೊನೆಗಳನ್ನು ಗಂಟು ಹಾಕಿದಳು. ತೂತುಗಳ ಮೇಲೆ ಅಂಚುಪಟ್ಟಿ ಹೊಲಿದು, ಎಳೆ ಸಡಿಲವಾಗದಂತೆ ತೂತುಗಳಿಗೆ ಸಣ್ಣ ಗೂಟಗಳನ್ನು ಬಡಿದು, ಮಟ್ಟಸವಾಗಿ ಕೊಯ್ದು, ಎಲ್ಲಿ ಶುರು ಎಲ್ಲಿ ಕೊನೆ ಎಂದು ಬೆರಳಿಗೂ ಸಿಗದಂತೆ ಉಜ್ಜಿದಳು. ಅದೇ ಅತ್ತೆಯ ಮನೆಯ ಕಸುಬು. ಗಂಟೆ ಮೂರೂ ಆಗಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿದಾಗಲೇ ಅವಳಿಗೆ ತಾನು ಏನು ಮಾಡಿದೆ ಎಂದು ಹೊಳೆದದ್ದು. ಕುರ್ಚಿ ಮುಗಿದಿತ್ತು.

ನಾಲ್ಕು ಗಂಟೆಗೆ ದೊಡ್ಡ ಗುಂಪು ಬಂತು. ಕೊಡೆಯಪ್ಪ, ಈ ಕೈಗಳನ್ನು ನೋಡಿ ಎಂದ. ಕೈಗಳು ಮಡಿಲಲ್ಲಿದ್ದವು. ಹಿರಿಸೊಸೆ ಪೊರಕೆ ಎತ್ತಿಕೊಂಡು ಗುಡಿಸಿದ ನೆಲವನ್ನೇ ಗುಡಿಸಿದಳು. ಒಬ್ಬ ಧಡೂತಿ ಮನುಷ್ಯ ಒಳಗೆ ಬಂದು ಕುರ್ಚಿಯ ಮೇಲೆ ಕೂತ, ಆರಾಮವಾಗಿದೆ ಎಂದ, ನೀರು ಕೇಳಿ ಕುಡಿದು ಹೋದ. ಆ ಬೀದಿಯಲ್ಲಿ ವರ್ಷದಿಂದ ಆ ಕುರ್ಚಿಯನ್ನು ಕುರ್ಚಿಯಾಗಿ ಕಂಡವನು ಅವನೊಬ್ಬನೇ.

ಹೋಟೆಲಮ್ಮ ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕೈಯಾಡಿಸಿ, ತುಂಬಾ ಚೆನ್ನಾಗಿದೆ, ಆದರೆ ನಾಳೆ ಜನಕ್ಕೆ ಏನು ತೋರಿಸಲಿ ಎಂದಳು. ನಾಳೆ ಹನ್ನೊಂದರೊಳಗೆ ಅರ್ಧ ಕುರ್ಚಿ ಕಾಣದಿದ್ದರೆ ಈ ಕಿಟಕಿಗೆ ಕಾಫಿ ಯಂತ್ರ ತರಿಸುತ್ತೇನೆ, ಕೇಳುವವರು ಬಹಳ ಇದ್ದಾರೆ ಎಂದೂ ಹೇಳಿದಳು. ಕಿಟಕಿ ಇರುವ ತನಕ ಮನೆ ಎಂಬುದನ್ನು ಅವಳು ಮತ್ತೆ ಹೇಳಲಿಲ್ಲ, ಹೇಳುವ ಅಗತ್ಯ ಇರಲಿಲ್ಲ. ವಾರ ಬಿಟ್ಟು ವಾರದ ಮಾತು ಅಲ್ಲಿಗೇ ಸತ್ತಿತು.

ಮರುದಿನ ಬೆಳಗ್ಗೆ ಕಿರಿಯವಳು ಊದಿದ ಕೆನ್ನೆ ಹೊತ್ತು ಕಿಟಕಿಗೆ ಬಂದಳು. ಹೋಟೆಲಮ್ಮ ಕತ್ತರಿ ತಂದಿದ್ದಳು. ಕಿರಿಯವಳು ಅವಳ ಕೈ ಹಿಡಿದಳು. ಎಳೆ ಕತ್ತರಿಸಿದರೆ ಗೂಟಗಳು ತೂತಿನಲ್ಲೇ ಸಿಕ್ಕಿಕೊಳ್ಳುತ್ತವೆ, ಬಡಿದು ತೆಗೆದರೆ ಹಳೆಯ ಮರ ಸೀಳುತ್ತದೆ ಎಂದು ತೊದಲುತ್ತ ತಿಳಿಸಿದಳು. ಆ ಮನೆಯ ಹೆಣಿಗೆಯಲ್ಲಿ ಕೊನೆಯ ಗೂಟ ಒಂದನ್ನು ಪೂರ್ತಿ ಬಡಿಯುವುದಿಲ್ಲ. ಅದಕ್ಕೆ ಬೀಗದ ಗೂಟ ಎನ್ನುತ್ತಾರೆ. ಅದನ್ನು ಎಳೆದರೆ ಅಂಚುಪಟ್ಟಿ ಸಡಿಲವಾಗುತ್ತದೆ, ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ. ಯಾವ ತೂತಿನಲ್ಲಿ ಎಂಬುದು ಹೆಣೆದವಳಿಗೆ ಮಾತ್ರ ಗೊತ್ತು.

ಕಿರಿಯವಳು ಹುಡುಕಿದಳು. ಉಗುರಿನಿಂದ ಒತ್ತಿದಳು, ಮಗುಚಿದಳು, ಬೆಳಕಿಗೆ ಹಿಡಿದಳು. ಹಿಂದಿನ ಕೋಣೆಯಲ್ಲಿ ಹಿರಿಸೊಸೆ ಕೆಲಸ ನಿಲ್ಲಿಸಿ ಆ ತಡಕಾಟವನ್ನು ಕೇಳುತ್ತ ಕೂತಳು. ಎಷ್ಟೋ ವರ್ಷಕ್ಕೆ ಹೊಟ್ಟೆ ತಣ್ಣಗಾಗಿತ್ತು. ಚಿತ್ರ ನಿನ್ನದು, ಮುಲಾಮು ನಿನ್ನದು, ಕಿಟಕಿ ನಿನ್ನದು. ಒಂದು ಗೂಟ ಹುಡುಕು ನೋಡೋಣ.

ಹತ್ತೂವರೆಗೆ ಕಿರಿಯವಳು ಬಾಗಿಲಲ್ಲಿ ನಿಂತಳು.

"ಎಲ್ಲಿಟ್ಟಿದ್ದೀಯ ಅಕ್ಕ?"

"ಏನನ್ನ?"

"ಆಟ ಆಡ್ಬೇಡ. ಇಡೀ ಕುರ್ಚಿ ಸವರಿದೆ. ಅತ್ತೆ ಇದ್ದಿದ್ರೆ ಅವರಿಗೂ ಸಿಗ್ತಿರಲಿಲ್ಲ."

ಹಿರಿಸೊಸೆ ಬೆತ್ತದ ನೀರಿನಲ್ಲಿ ಕೈ ಅದ್ದಿದಳು. "ನಗು. ನಕ್ಕರೆ ಸಿಗುತ್ತೇನೋ."

ಕಿರಿಯವಳು ನಗಲಿಲ್ಲ. ಕೆನ್ನೆ ಹಿಡಿದುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತಳು. "ದಿನಾ ಸಾಯಂಕಾಲ ಬಿಚ್ಚೋವಾಗ ನೀನು ಹಿಂದಿನ ಕೋಣೆಯಲ್ಲಿ ಬೇಕೂಂತ ಕೆಮ್ತೀಯಲ್ಲ, ಅದು ಕೇಳುತ್ತೆ ನಂಗೆ. ನಾಳೆ ಕಾಫಿ ಯಂತ್ರ ಬಂದ್ರೆ ಅದಕ್ಕೂ ಕೆಮ್ಮು. ಆದ್ರೆ ಕೆಮ್ಮೋಕೆ ಈ ಕೋಣೆ ಇರಬೇಕಲ್ಲ."

ಹಿರಿಸೊಸೆ ನೆನೆದ ಎಳೆಯೊಂದನ್ನು ನೀರಿಂದ ಎತ್ತಿ ಮತ್ತೆ ಅದ್ದಿದಳು. ಗೂಟ ತೋರಿಸದಿದ್ದರೆ ಓರಗಿತ್ತಿ ಇಂದು ಕಿಟಕಿಯಿಂದ ಏಳುತ್ತಾಳೆ. ಅದನ್ನು ಕಣ್ಣಾರೆ ನೋಡುವ ಆಸೆ ನಾಲಿಗೆಯ ತುದಿಯ ತನಕ ಬಂದಿತ್ತು. ಆದರೆ ಅದರ ಹಿಂದೆಯೇ ತನ್ನ ಬಾಗಿಲಿಗೂ ಬೂದು ಬಣ್ಣ, ಪಕ್ಕದಲ್ಲಿ ಕೀಲಿಯ ಡಬ್ಬಿ, ಮೇಲೆ ಕುರ್ಚಿ ಕೋಣೆ ಎಂಬ ಹೆಸರು ಕಂಡವು. ಕೈ ಒರೆಸಿಕೊಂಡು ಎದ್ದಳು. ಮುಂದಿನ ಕೋಣೆಗೆ ಹೋಗಿ ಕುರ್ಚಿಯ ಎಡಗಾಲಿನ ಹಿಂದೆ, ಒಳಮೂಲೆಯ ತೂತಿನ ಮೇಲೆ ಬೆರಳಿಟ್ಟಳು. ಕಿರಿಯವಳ ಕೈಗೆ ಬಿಡದೆ ತಾನೇ ಚಾಕುವಿನ ತುದಿಯಿಂದ ಗೂಟ ಎಬ್ಬಿಸಿ ಎಳೆದಳು. ಅಂಚುಪಟ್ಟಿ ಮೆಲ್ಲನೆ ಸಡಿಲವಾಯಿತು. ನಿನ್ನೆಯ ಹಗಲು ಅವಳ ಕಾಲ ಬಳಿ ಸುರುಳಿ ಸುರುಳಿಯಾಗಿ ಬಿತ್ತು. ಹೊರಗೆ ಆಗಲೇ ಜನ ಸೇರಿ ಫೋನು ಎತ್ತಿದ್ದರು. ಅವರಿಗೆ ಮುಖ ಸಿಗದಿರಲಿ ಎಂದು ಅವಳು ಬಗ್ಗಿಯೇ ಬಿಚ್ಚಿದಳು. ಬಗ್ಗಿದ ಮೇಲೆ, ಒಬ್ಬರಾದರೂ ಮುಖ ನೋಡಲು ಪ್ರಯತ್ನಿಸಲಿಲ್ಲವಲ್ಲ ಎಂದು ಉರಿಯಿತು.

ಹನ್ನೊಂದಕ್ಕೆ ಕಿರಿಯವಳು ಕಿಟಕಿಯಲ್ಲಿ ಕೂತಿದ್ದಳು, ಊದಿದ ಕೆನ್ನೆ ಗೋಡೆಯ ಕಡೆ. ಹೋಟೆಲಮ್ಮ ಇಣುಕಿ ನೋಡಿ ತೃಪ್ತಿಯಿಂದ ಹೋದಳು. ಹಿರಿಸೊಸೆ ಹಿಂದಿನ ಕೋಣೆಗೆ ಹೋಗುವ ಮುನ್ನ ಬಾಗಿಲಲ್ಲಿ ತಿರುಗಿದಳು. ಕಿರಿಯವಳ ಐದನೆಯ ಸುತ್ತಿನ ಮೊದಲ ಎರಡು ಎಳೆ ಸರಿಯಾಗಿದ್ದವು. ಮೂರನೆಯದು ಒಂದು ತೂತು ಬಿಟ್ಟು ಓರೆಯಾಗಿ ಹೋಗಿತ್ತು. ಇನ್ನು ಮೇಲೆ ಹೆಣೆಯುವುದೆಲ್ಲ ಅದರ ಹಿಂದೆಯೇ ಓರೆ ಹೋಗುತ್ತದೆ.

ಅವಳು ನೋಡಿದಳು. ಹೇಳಲಿಲ್ಲ.